ದೊಡ್ಡಪ್ಪನ ನಾಲ್ಕನೇ ಸ್ಕ್ರೂ

ಅವಳು ಮನೆಯ ಬೀಗವನ್ನು ಮೂರು ಸಲ ಎಳೆದು ನೋಡದೆ ಮೆಟ್ಟಿಲಿಳಿದವಳಲ್ಲ. ಗ್ಯಾಸ್ ಆರಿಸಿದ ಮೇಲೆ ಮೂರು ಸಲ ತಿರುಗಿ ನೋಡುತ್ತಿದ್ದಳು, ಬಸ್ಸಿನ ಬೋರ್ಡನ್ನು ಮೂರು ಸಲ ಓದಿ ಹತ್ತುತ್ತಿದ್ದಳು. ಅಷ್ಟರಲ್ಲಿ ಬಸ್ಸು ಹೊರಟುಹೋದದ್ದೂ ಉಂಟು. ಆಫೀಸಿನವರು ಬೆನ್ನ ಹಿಂದೆ ಅವಳನ್ನು ಮೂರುಸಲದಮ್ಮ ಎನ್ನುತ್ತಿದ್ದರು, ಎದುರಿಗೆ ಅಕ್ಕ. ಎರಡೂ ಹೆಸರು ಅವಳಿಗೆ ಗೊತ್ತಿತ್ತು, ಎರಡಕ್ಕೂ ಬೇಸರವಿರಲಿಲ್ಲ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಅಂಟಿಕೊಂಡದ್ದು. ಒಂದು ಕಂಪ್ಯೂಟರ್ ಮಾಸಪತ್ರಿಕೆಯ ಪರೀಕ್ಷಾ ಕೋಣೆಯಲ್ಲಿ ಅವಳು ಪ್ರೊಸೆಸರ್‌ಗಳನ್ನು ಅಳೆಯುತ್ತಿದ್ದಳು. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಒಳಗೆ ಕೂತು ಲೆಕ್ಕ ಮಾಡುವ ಬಿಲ್ಲೆ. ನೋಡಲು ಬಿಸ್ಕತ್ತಿನಷ್ಟು, ಇಡೀ ಪೆಟ್ಟಿಗೆಯ ಬುದ್ಧಿಯೆಲ್ಲ ಅದರಲ್ಲೇ. ಅದನ್ನು ತಯಾರಿಸುವ ಎರಡು ಕಂಪನಿಗಳ ಬಿಲ್ಲೆಗಳು ಆ ಕೋಣೆಗೆ ಬರುತ್ತಿದ್ದವು. ಕಪಾಟಿನ ಮೇಲಿನ ಹಲಗೆಯಲ್ಲಿ ಒಬ್ಬರ ಪೆಟ್ಟಿಗೆಗಳು, ಕೆಳಗಿನ ಹಲಗೆಯಲ್ಲಿ ಇನ್ನೊಬ್ಬರವು. ಹಾಗಾಗಿ ಮೇಲಿನಮನೆಯವರು, ಕೆಳಗಿನಮನೆಯವರು ಎಂದೇ ಕೋಣೆಯಲ್ಲಿ ರೂಢಿ. ಅಕ್ಕಪಕ್ಕದ ಮನೆಯವರ ಜಗಳವನ್ನಾದರೂ ಯಾರೋ ಹಿರಿಯರು ಕೂತು ಬಿಡಿಸಬಹುದು. ಇವರ ಜಗಳ ವರ್ಷ ವರ್ಷವೂ ಹೊಸದಾಗಿ ಶುರುವಾಗುತ್ತಿತ್ತು. ಓದುಗರಲ್ಲೂ ಎರಡು ಪಕ್ಷ. ಒಂದು ಕಂಪನಿಯ ಬಿಲ್ಲೆ ಕೊಂಡ ಒಂದೇ ಕಾರಣಕ್ಕೆ ಆ ಕಂಪನಿಯ ಪರ ವಕಾಲತ್ತು ವಹಿಸಿ, ಒಡಹುಟ್ಟಿದ ತಮ್ಮನ ಜೊತೆ ಮಾತು ಬಿಟ್ಟವರಿದ್ದಾರೆ. ಬಿಲ್ಲೆಗೆ ಇವರು ಯಾರೆಂದೇ ಗೊತ್ತಿಲ್ಲ, ಪಾಪ.

ಮೂರುಸಲದಮ್ಮ ಯಾವ ಪಕ್ಷಕ್ಕೂ ಸೇರಿದವಳಲ್ಲ. ಒಂದು ಸಿನಿಮಾವನ್ನು ಚಿಕ್ಕ ಫೈಲಾಗಿ ಕುಗ್ಗಿಸುವುದು, ಗಾಜಿನ ಜಾಡಿಯೊಳಗಿನ ಗೋಲಿಗಳ ಚಿತ್ರವನ್ನು ನೆರಳು ಬೆಳಕಿನ ಸಮೇತ ಬರೆಯುವುದು, ಹೀಗೆ ಕೆಲವು ಕೆಲಸಗಳನ್ನು ಎರಡೂ ಮನೆಯ ಬಿಲ್ಲೆಗಳಿಗೆ ಕೊಟ್ಟು ಯಾವುದು ಬೇಗ ಮುಗಿಸುತ್ತದೆ ಎಂದು ನೋಡುತ್ತಿದ್ದಳು. ಮೊದಲ ಓಟ ಲೆಕ್ಕಕ್ಕಿಲ್ಲ. ಯಂತ್ರ ಆಗಷ್ಟೇ ಎದ್ದಿರುತ್ತದೆ, ಮೈ ಬಿಸಿಯಾಗಿರುವುದಿಲ್ಲ. ಆಮೇಲಿನ ಮೂರು ಓಟಗಳು ಒಂದಕ್ಕೊಂದು ಹೊಂದಿದರೆ ಮಾತ್ರ ಅಂಕಿ ಪತ್ರಿಕೆಗೆ ಹೋಗುತ್ತಿತ್ತು. ಹೊಂದದಿದ್ದರೆ ಮತ್ತೆ ಮೊದಲಿನಿಂದ. ಸಂಪಾದಕರು ತಲೆ ತಲೆ ಚಚ್ಚಿಕೊಂಡರೂ ಅವಳು ಜಗ್ಗುತ್ತಿರಲಿಲ್ಲ.

ಅಳೆಯುವವಳು ಅವಳಾದರೆ ಕೂರಿಸುವವನು ಅವಳ ಗಂಡ, ಪತ್ರಿಕೆಯ ಫಿಟ್ಟರ್. ಮದುವೆಗೆ ಮೊದಲೇ ಇಬ್ಬರೂ ಅದೇ ಕೋಣೆಯಲ್ಲಿದ್ದರು. ಎರಡು ಮೇಜು, ಬೆನ್ನಿಗೆ ಬೆನ್ನು. ಅವನು ಬಿಲ್ಲೆಯನ್ನು ಕೂರಿಸಿ, "ಆಯ್ತು, ನೀನು ಓಡಿಸು" ಅನ್ನುತ್ತಿದ್ದ, ಅವಳು ತಿರುಗದೆಯೇ ಓಡಿಸುತ್ತಿದ್ದಳು. ಒಂದು ದಿನ ಅವನು ಅದೇ ಧ್ವನಿಯಲ್ಲಿ, "ನಾವಿಬ್ರೂ ಮದುವೆ ಆಗೋದು ವಾಸಿ ಅನ್ಸುತ್ತೆ" ಅಂದ. ಅವಳು ಆಗಲೂ ತಿರುಗಲಿಲ್ಲ. "ಇನ್ನೆರಡು ಸಲ ಹೇಳಿ" ಅಂದಳಂತೆ. ಈ ಕಥೆಯನ್ನು ಆಫೀಸಿನಲ್ಲಿ ಇಂದಿಗೂ ಹೇಳುತ್ತಾರೆ, ಹೇಳಿದಾಗಲೆಲ್ಲ ಒಂದಿಷ್ಟು ಉಪ್ಪು ಖಾರ ಸೇರುತ್ತದೆ.

ಫಿಟ್ಟರ್‌ನ ಕೆಲಸ ನೋಡಲು ಏನೂ ಅಲ್ಲ. ಬಿಲ್ಲೆ ಕೆಲಸ ಮಾಡುವಾಗ ಕಾಯುತ್ತದೆ. ಅದರ ಶಾಖ ಎಳೆದುಕೊಳ್ಳಲು ಮೇಲೆ ಫ್ಯಾನ್ ಇರುವ ಲೋಹದ ಕೂಲರ್ ಕೂರಿಸಬೇಕು. ಎರಡರ ನಡುವೆ ಬೂದು ಬಣ್ಣದ ಪೇಸ್ಟ್, ಅಕ್ಕಿಕಾಳಿನಷ್ಟು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಒಂದನ್ನು ಸ್ವಲ್ಪ ತಿರುಗಿಸಿ ಎದುರು ಮೂಲೆಯದನ್ನು ಸ್ವಲ್ಪ ತಿರುಗಿಸಬೇಕು, ಮತ್ತೆ ಇದು, ಮತ್ತೆ ಅದು. ಹಾಗೆ ಸಮವಾಗಿ ಒತ್ತಿದರೆ ಪೇಸ್ಟ್ ತಾನೇ ತೆಳ್ಳಗೆ ಹರಡುತ್ತದೆ. ಕೂಲರ್ ಸರಿಯಾಗಿ ಕೂರದಿದ್ದರೆ ಬಿಲ್ಲೆಗೆ ಬಿಸಿ ಹೆಚ್ಚಾಗಿ, ಜೀವ ಉಳಿಸಿಕೊಳ್ಳಲು ಅದು ತಾನೇ ನಿಧಾನವಾಗುತ್ತದೆ. ಪೇಸ್ಟನ್ನು ಬೆರಳಿನಿಂದ ಮುಟ್ಟಿದವರನ್ನು ಕಂಡರೆ ಫಿಟ್ಟರ್‌ಗೆ ಮೈಯೆಲ್ಲ ಉರಿಯುತ್ತಿತ್ತು. "ಬೆರಳಲ್ಲಿ ಸವರೋರು ಅಡುಗೆಮನೆಗೆ ಹೋಗಿ ಬೆಣ್ಣೆ ಸವರಲಿ" ಅನ್ನುತ್ತಿದ್ದ. ಸ್ಕ್ರೂ ಪೂರ್ತಿ ಕೂತ ಕ್ಷಣ ಅವನ ಬೆರಳಿಗೇ ತಿಳಿಯುತ್ತಿತ್ತು. ಆಫೀಸಿನಲ್ಲಿ ಕಿಟಕಿ ಚೆನ್ನಾಗಿ ಮುಚ್ಚಿಕೊಂಡರೂ ಸರಿ, ಕುರ್ಚಿ ಅಲ್ಲಾಡದೆ ನಿಂತರೂ ಸರಿ, "ಫಿಟ್ಟರ್ ಕೈ" ಎಂದು ಹೊಗಳುವುದು ವಾಡಿಕೆಯಾಗಿತ್ತು.

ಎರಡು ವರ್ಷದ ಹಿಂದೆ ಮೇಲಿನಮನೆಯವರು ತಮ್ಮ ಅತಿ ವೇಗದ ಬಿಲ್ಲೆಯನ್ನು ಕಳಿಸಿದ್ದರು. ಕಳಿಸಿದ್ದು ಒಂದೇ. ಫಿಟ್ಟರ್ ಅದನ್ನು ಒಂದು ಯಂತ್ರಕ್ಕೆ ಕೂರಿಸಿದ, ಆ ಯಂತ್ರವನ್ನೇ ಕೋಣೆಯ ಮಾನದಂಡ ಮಾಡಿಕೊಂಡರು. ಅಂದರೆ ಅದರ ವೇಗಕ್ಕೆ ನೂರು ಎಂದು ಬೆಲೆ ಕಟ್ಟಿ, ಬಂದ ಬಿಲ್ಲೆಗಳನ್ನೆಲ್ಲ ಅದರ ಮುಂದೆ ಓಡಿಸುವುದು. ತೊಂಬತ್ತು ಬಂದರೆ ಹಿಂದೆ, ನೂರಹತ್ತು ಬಂದರೆ ಮುಂದೆ. ಆ ಯಂತ್ರಕ್ಕೆ ದೊಡ್ಡಪ್ಪ ಎಂದು ಹೆಸರು ಬಿತ್ತು. "ನಡಿ, ದೊಡ್ಡಪ್ಪನ ಮುಂದೆ ಓಡಿ ತೋರಿಸು" ಎಂದು ಹೊಸ ಬಿಲ್ಲೆಗಳಿಗೆ ಹೇಳುತ್ತಿದ್ದರು. ದೊಡ್ಡಪ್ಪನನ್ನು ಎಷ್ಟು ಸಲ ಓಡಿಸಿದರೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಮೊದಲ ದಿನ ಗೋಲಿಗಳ ಚಿತ್ರಕ್ಕೆ ತೆಗೆದುಕೊಂಡಷ್ಟೇ ಹೊತ್ತನ್ನು ಪ್ರತಿ ತಿಂಗಳೂ ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಮೂರುಸಲದಮ್ಮ ಜಗತ್ತಿನಲ್ಲಿ ಕಣ್ಣು ಮುಚ್ಚಿ ನಂಬಿದ್ದು ಅದೊಂದನ್ನೇ.

ದೊಡ್ಡಪ್ಪ ಬಂದ ಎಂಟು ತಿಂಗಳ ಮೇಲೆ ಫಿಟ್ಟರ್‌ನ ಕಾಯಿಲೆ ಹೊರಬಿತ್ತು. ಒಂದು ಸಂಜೆ ಚಹಾದ ಲೋಟ ಅವನ ಕೈಯಿಂದ ಜಾರಿತು. ಜಾರಿದ್ದು ಅವನಿಗೆ ಗೊತ್ತಾಗಲಿಲ್ಲ, ಕಾಲ ಮೇಲೆ ಸುಟ್ಟಾಗ ಗೊತ್ತಾಯಿತು. ಬೆರಳುಗಳ ನರ ಸಾಯುತ್ತಿದೆ ಎಂದರು ಡಾಕ್ಟರ್. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು.

"ಒಂದು ತಿಂಗಳಿಂದ" ಅಂದ ಫಿಟ್ಟರ್.

ಡಾಕ್ಟರ್ ಹೆಂಡತಿಯ ಮುಖ ನೋಡಿದರು. "ಹೌದು, ಒಂದು ತಿಂಗಳಾಯ್ತು" ಎಂದು ಅವಳೂ ಸಾಕ್ಷಿ ಹೇಳಿದಳು. ಇನ್ನೂ ಮುಂಚೆ ಬಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಆಮೇಲೊಮ್ಮೆ ಅವಳು ಕೇಳಿದ್ದಕ್ಕೆ ಅವರು, "ಈಗ ಅದನ್ನ ಹೇಗಮ್ಮ ಹೇಳೋದು" ಅಂದರು. ಬೆರಳಿನಿಂದ ತೋಳಿಗೆ, ತೋಳಿನಿಂದ ಉಸಿರಿಗೆ ಬರಲು ಅದಕ್ಕೆ ಒಂದು ವರ್ಷ ಹಿಡಿಯಿತು.

ಅವನು ಹೋದಾಗ ಅವಳು ಅಳಲಿಲ್ಲ. ಬಂದ ನೆಂಟರಲ್ಲಿ ಕೆಲವರು ಗಟ್ಟಿಗಿತ್ತಿ ಎಂದರು, ಕೆಲವರು ಕಲ್ಲು ಎಂದರು. ಅವಳಿಗೆ ಎರಡೂ ತನ್ನ ಬಗ್ಗೆ ಆಡಿದ ಮಾತು ಅನ್ನಿಸಲಿಲ್ಲ. ದುಃಖವಾಗಬೇಕು ಎಂದು ಗೊತ್ತಿತ್ತು, ಆಗುತ್ತಿರಲಿಲ್ಲ. ಊಟ ಮಾಡಿದರೆ ಊಟ ಇಳಿಯುತ್ತಿತ್ತು, ರುಚಿ ಇರುತ್ತಿರಲಿಲ್ಲ. ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ "ಪರವಾಗಿಲ್ಲ" ಅನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಯಾವುದೂ ಪರವಾಗಿಲ್ಲ ಎನ್ನುವಂತೆಯೇ ಇತ್ತು.

ಮನೆಯಲ್ಲಿ ಈಗ ಅವಳು ಮತ್ತು ಅತ್ತೆ, ಇಬ್ಬರೇ. ಅತ್ತೆ ಮೊದಲು ಒಳ್ಳೆ ಮಾತುಗಾತಿ. ಫಿಟ್ಟರ್ ಇದ್ದ ಕೊನೆಯ ವರ್ಷಗಳಲ್ಲಿ ತಾಯಿ ಮಗನಿಗೆ ಬೆಳಿಗ್ಗೆ ಎದ್ದರೆ ಮಾತೇ ಮಾತು. ಆಫೀಸಿಗೆ ಹೊರಡುವ ಮೊದಲು ಅವನು ತಾಯಿಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರೆ ಕಾಲು ಗಂಟೆ ಬರುತ್ತಿರಲಿಲ್ಲ. "ತಲೆ ನರೆತ ಮೇಲೆ ಅಮ್ಮನ ಮೇಲೆ ಪ್ರೀತಿ ಉಕ್ತಿದೆ ನೋಡಿ" ಎಂದು ಅವಳು ಛೇಡಿಸುತ್ತಿದ್ದಳು. ಈಗ ಅತ್ತೆಗೂ ಸೊಸೆಗೂ ನಡುವೆ ಜಗಳವಾಡಲು ಕೂಡ ಏನೂ ಉಳಿದಿರಲಿಲ್ಲ. ಟಿವಿ ಹಾಕಿಕೊಂಡು ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಅವನು ಹೋದ ಐದನೇ ತಿಂಗಳಿಗೆ ಕೆಳಗಿನಮನೆಯವರ ಹೊಸ ಬಿಲ್ಲೆ ಬಂತು. ಕೂರಿಸಿದವನು ಗಡಿಬಿಡಿ ಎಂದು ಎಲ್ಲರೂ ಕರೆಯುತ್ತಿದ್ದವನು. ಫಿಟ್ಟರ್‌ನ ಜಾಗಕ್ಕೆ ಬಂದ ಇವನು ಐವತ್ತು ದಾಟಿದ ಮನುಷ್ಯ, ಮೊದಲು ಲಿಫ್ಟ್ ರಿಪೇರಿ ಮಾಡುತ್ತಿದ್ದ. ಅವನ ಪ್ರಕಾರ ಜಗತ್ತಿನಲ್ಲಿ ಎಲ್ಲವೂ ಹತ್ತು ನಿಮಿಷದ ಕೆಲಸ. ಅವಸರದಲ್ಲಿ ಕೆಡಿಸಿ ಅದನ್ನೇ ಮೂರು ಸಲ ಮಾಡುತ್ತಿದ್ದುದರಿಂದ, ಮೂರುಸಲದಮ್ಮನಿಗೆ ಸರಿಯಾದ ಜೋಡಿ ಎಂದು ಸಂಪಾದಕರು ಒಮ್ಮೆ ತಮಾಷೆ ಮಾಡಿ ನಾಲಗೆ ಕಚ್ಚಿಕೊಂಡಿದ್ದರು. ಅವಳು ಅದಕ್ಕೂ ಪರವಾಗಿಲ್ಲ ಅಂದಿದ್ದಳು.

ಹೊಸ ಬಿಲ್ಲೆ ದೊಡ್ಡಪ್ಪನ ಮುಂದೆ ಓಡಿ ನೂರನಾಲ್ಕು ತಂದಿತು. ಕೆಳಗಿನಮನೆಯವರು ದೊಡ್ಡಪ್ಪನನ್ನು ದಾಟಿದ್ದು ಇದೇ ಮೊದಲು. ಸಂಪಾದಕರ ಕಾಲು ನೆಲದ ಮೇಲಿರಲಿಲ್ಲ. ಕೆಳಗಿನಮನೆಗೆ ಪಟ್ಟಾಭಿಷೇಕ ಎಂದು ಮುಖಪುಟ ಬರೆಸಿದರು. ಸುದ್ದಿ ಹೇಗೋ ಮೇಲಿನಮನೆಯವರ ಕಿವಿಗೆ ಬಿದ್ದು ಫೋನು ಬಂತು. ಬೇರೆ ಎಲ್ಲರೂ ಅಳೆದಾಗ ನಮ್ಮ ಬಿಲ್ಲೆಯೇ ಇನ್ನೂ ಮುಂದಿದೆ, ನಿಮ್ಮಲ್ಲಿ ಮಾತ್ರ ಹೇಗೆ ಹಿಂದೆ ಬಿತ್ತು ಎಂಬುದು ಅವರ ತಕರಾರು. ಸಂಪಾದಕರು ಮುಖ ಸಣ್ಣ ಮಾಡಿಕೊಂಡು ಪರೀಕ್ಷಾ ಕೋಣೆಗೆ ಬಂದರು.

"ನೋಡಮ್ಮ, ನಿನ್ನ ಅಳತೆ ಮೇಲೆ ನಂಗೆ ಅನುಮಾನ ಇಲ್ಲ. ಆದ್ರೂ ಶುಕ್ರವಾರ ಅಚ್ಚಿಗೆ ಹೋಗ್ಬೇಕು. ಒಂದ್ಸಲ ನೋಡ್ಬಿಡು."

"ಮೂರು ಸಲ ನೋಡಿದೀನಿ ಸರ್."

"ಗೊತ್ತು. ನಾಲ್ಕನೇ ಸಲ ನೋಡು."

ಗಡಿಬಿಡಿ ಅಷ್ಟರಲ್ಲೇ ದೊಡ್ಡಪ್ಪನನ್ನು ಗೋಲಿಗಳ ಚಿತ್ರಕ್ಕೆ ಹಚ್ಚಿ, ಪರದೆಯ ಮೂಲೆಯಲ್ಲಿ ಶಾಖ ತೋರಿಸುವ ಕಿಟಕಿ ತೆರೆದಿದ್ದ. ಅವಳು ಆ ಕಿಟಕಿಯನ್ನು ಎಂದೂ ತೆರೆದವಳಲ್ಲ. ಶಾಖ ನೋಡುವುದು ಫಿಟ್ಟರ್‌ನ ಪಾಲಿನ ಕೆಲಸ, ಅಂಕಿ ನೋಡುವುದು ಅವಳದು. ಮೊದಲಿನಿಂದ ಹಾಗೇ ಹಂಚಿಕೊಂಡಿದ್ದರು. ಕಾಯಿಲೆ ಬಿದ್ದಮೇಲೆ ಅವನ ಪಾಲನ್ನು ಯಾರೂ ಎತ್ತಿಕೊಂಡಿರಲಿಲ್ಲ.

"ಅಕ್ಕ, ದೊಡ್ಡಪ್ಪಂಗೆ ಜ್ವರ" ಅಂದ ಗಡಿಬಿಡಿ. "ನೋಡಿ ಎಷ್ಟು ಕಾದಿದೆ. ಕೂಲರ್ ಕೆಳಗೆ ಪೇಸ್ಟ್ ಒಣಗಿರಬೇಕು, ಎರಡು ವರ್ಷ ಆಯ್ತಲ್ಲ. ಬಿಚ್ಚಿ ಒರೆಸಿ ಹೊಸದು ಹಾಕಿದ್ರೆ ಆಯ್ತು. ಹತ್ತು ನಿಮಿಷದ ಕೆಲಸ."

ಸ್ಕ್ರೂಡ್ರೈವರ್ ಆಗಲೇ ಅವನ ಕೈಯಲ್ಲಿತ್ತು. ಅವಳು ಎದ್ದು ಬಂದು ದೊಡ್ಡಪ್ಪನ ಮುಂದೆ ನಿಂತಳು.

"ಅದನ್ನ ಮುಟ್ಬೇಡಿ."

"ಯಾಕಕ್ಕ?"

"ಮುಟ್ಬೇಡಿ ಅಷ್ಟೇ. ಮೊದಲು ಬೇರೆ ಎಲ್ಲ ನೋಡೋಣ."

ಒಣಗಿಲ್ಲ ಎಂದು ಅವಳಿಗೆ ನಿಂತ ಕಾಲಿನಲ್ಲೇ ಗೊತ್ತಾಗಿತ್ತು. ಪೇಸ್ಟ್ ಒಣಗುವುದು ನಿಧಾನವಾಗಿ. ಒಣಗಿದ್ದರೆ ದೊಡ್ಡಪ್ಪ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬರಬೇಕಿತ್ತು. ಅದು ಇಳಿದೇ ಇರಲಿಲ್ಲ. ಇವತ್ತು ಜ್ವರವಿದ್ದರೆ ಮೊದಲ ದಿನವೂ ಇಷ್ಟೇ ಜ್ವರವಿತ್ತು. ಅಂದರೆ ತಪ್ಪು ಕೂರಿಸಿದ್ದರಲ್ಲೇ ಇದೆ, ಕೂರಿಸಿದ ಕೈಯಲ್ಲೇ ಇದೆ. ಕೂಲರ್ ಬಿಚ್ಚಿದರೆ ಅದನ್ನು ಗಡಿಬಿಡಿ ನೋಡುತ್ತಾನೆ, ಸಂಪಾದಕರು ನೋಡುತ್ತಾರೆ, ಫಿಟ್ಟರ್ ಕೈ ಎಂಬ ಮಾತಿಗೆ ಆಮೇಲೆ ಎಲ್ಲರೂ ನಗುತ್ತಾರೆ. ಅದಲ್ಲದೆ ಅವನ ಕೈ ಮುಚ್ಚಿದ್ದು ಮುಚ್ಚಿದ ಹಾಗೇ ಉಳಿದಿದ್ದದ್ದು ಅದೊಂದೇ. ಅವನ ಅಂಗಿಗಳನ್ನು ಅತ್ತೆ ಒಗೆದು ಮಡಚಿಟ್ಟಿದ್ದರು, ಅವನ ಮೇಜನ್ನು ಗಡಿಬಿಡಿ ತನ್ನ ಸಾಮಾನಿನಿಂದ ತುಂಬಿದ್ದ. ದೊಡ್ಡಪ್ಪನ ಕೂಲರನ್ನು ಅವನ ನಂತರ ಯಾರೂ ತೆರೆದಿರಲಿಲ್ಲ. ಯಾರೂ ತೆರೆಯಬಾರದು ಎಂಬುದೊಂದೇ ಐದು ತಿಂಗಳಲ್ಲಿ ಅವಳಿಗೆ ಬೇಕು ಅನ್ನಿಸಿದ್ದು.

ಹಾಗಾಗಿ ಬೇರೆ ಎಲ್ಲವನ್ನೂ ನೋಡಿದಳು. ಫ್ಯಾನ್ ಬದಲಾಯಿಸಿದಳು, ಮೂರು ಸಲ ಓಡಿಸಿದಳು. ಧೂಳು ಊದಿಸಿದಳು, ಮೂರು ಸಲ. ಮೆಮೊರಿ ಕಡ್ಡಿಗಳನ್ನು ತೆಗೆದು ಕೆಳಗಿನಮನೆಯ ಯಂತ್ರದವನ್ನು ಹಾಕಿದಳು. ಕರೆಂಟಿನ ಪೆಟ್ಟಿಗೆ ಬದಲಾಯಿಸಿದಳು. ಕೋಣೆಯ ಎಸಿಯನ್ನು ಎಷ್ಟು ಇಳಿಸಿದಳೆಂದರೆ ಗಡಿಬಿಡಿ ಸ್ವೆಟರ್ ಹಾಕಿಕೊಂಡು ಬಂದ. ದೊಡ್ಡಪ್ಪ ಅದೇ ಅಂಕಿ, ಅದೇ ಜ್ವರ. ಹೀಗೆ ಮಂಗಳವಾರ, ಬುಧವಾರ ಕಳೆದವು. ಅವಳ ಕೆಲಸದ ದಾರಿಯೇ ಅಂಥದ್ದು. ಒಂದೊಂದೇ ಅನುಮಾನವನ್ನು ಬದಿಗೆ ಸರಿಸುತ್ತ ಬಂದರೆ ಕೊನೆಗೆ ಬೇಡವಾದದ್ದರ ಮುಂದೆ ತಂದು ನಿಲ್ಲಿಸುತ್ತದೆ.

ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಏನಾಗಿದೆ? ತಟ್ಟೆ ನೋಡ್ತಾ ಕೂತಿದೀಯ."

"ಅವರು ಕೂರಿಸಿದ್ದ ಒಂದು ಮೆಷಿನ್ ಬಿಚ್ಬೇಕು ಅಂತಿದಾರೆ ಅತ್ತೆ."

"ಬಿಚ್ಚಲಿ. ಅವನೇನು ಬಂದು ಕೇಳ್ತಾನಾ?"

ಅತ್ತೆಯ ಮಾತು ಹಾಗೆಯೇ, ನೇರ. ಸಾರು ಬಡಿಸುತ್ತ, "ಬೇರೆಯವರು ಯಾಕೆ ಬಿಚ್ಬೇಕು, ನೀನೇ ಬಿಚ್ಚು" ಅಂದರು. ಅವಳು ಉಂಡು ಎದ್ದು ತಟ್ಟೆ ತೊಳೆದಳು.

ಗುರುವಾರ ಎಲ್ಲರೂ ಊಟಕ್ಕೆ ಹೋದಾಗ ಅವಳು ಗಡಿಬಿಡಿಯ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಇಷ್ಟು ವರ್ಷ ಆ ಕೋಣೆಯಲ್ಲಿದ್ದರೂ ಒಂದು ಕೂಲರನ್ನೂ ಬಿಚ್ಚಿದವಳಲ್ಲ. ಗಡಿಬಿಡಿ ಊಟದ ಡಬ್ಬಿ ಮರೆತು ವಾಪಸ್ಸು ಬಂದವನು ಅವಳನ್ನು ನೋಡಿ ಬಾಗಿಲಲ್ಲೇ ನಿಂತ. ಅವಳು ಬೇಡವೆನ್ನಲಿಲ್ಲ. ಅವನು ಒಳಗೆ ಬಂದು ಮೇಜಿನ ದೀಪ ಎತ್ತಿ ಹಿಡಿದ. ಆ ಮನುಷ್ಯ ಅವಸರ ಮಾಡದೆ ನಿಂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಮೊದಲ ಸ್ಕ್ರೂ ಬಿಗಿಯಾಗಿತ್ತು, ಎರಡು ಕೈ ಹಾಕಿ ತಿರುಗಿಸಬೇಕಾಯಿತು. ಎದುರು ಮೂಲೆಯದೂ ಬಿಗಿ. ಮೂರನೆಯದೂ. ನಾಲ್ಕನೆಯದಕ್ಕೆ ಸ್ಕ್ರೂಡ್ರೈವರ್ ಇಟ್ಟದ್ದೇ ಅದು ಬಳುಕಿತು. ಬರಿ ಬೆರಳಲ್ಲಿ ಹಿಡಿದಳು, ಕೈಗೆ ಬಂತು. ಎರಡೇ ಸುತ್ತಿಗೆ ಸಿಕ್ಕಿಕೊಂಡು ಎರಡು ವರ್ಷ ನಿಂತಿತ್ತು.

ಆ ರಂಧ್ರದ ಸುತ್ತ, ಬಿಲ್ಲೆ ಕೂತಿದ್ದ ಬೋರ್ಡಿನ ಮೇಲೆ ಗೀರುಗಳಿದ್ದವು. ಸ್ಕ್ರೂಡ್ರೈವರ್ ಜಾರಿ ಆದ ಗೀರುಗಳು. ಒಂದೆರಡಲ್ಲ, ಒಂದರ ಮೇಲೊಂದು, ಜಾರಿದಾಗ ಮತ್ತೆ ಇಟ್ಟು ಮತ್ತೆ ಜಾರಿದವು. ಉಳಿದ ಮೂರು ಮೂಲೆಗಳಲ್ಲಿ ಒಂದೂ ಇರಲಿಲ್ಲ. ಮೂರನ್ನು ಹೇಗೋ ಮಾಡಿ ಮುಗಿಸುವಷ್ಟರಲ್ಲಿ ಕೈ ಸೋತುಹೋಗಿತ್ತು.

ಕೂಲರ್ ಎತ್ತಿದಳು. ಪೇಸ್ಟ್ ಮೂರು ಮೂಲೆಗಳ ಕಡೆ ತೆಳ್ಳಗೆ ಹರಡಿತ್ತು. ನಾಲ್ಕನೇ ಮೂಲೆಯಲ್ಲಿ ಒತ್ತಡವೇ ಬೀಳದೆ ದಪ್ಪಗೆ, ಇನ್ನೂ ಹಸಿಯಾಗಿ ಉಳಿದಿತ್ತು. ಅದರ ನಡುವೆ ಒಂದು ಬೆರಳು ಎಳೆದ ಗುರುತು. ಅಕ್ಕಿಕಾಳಿನಷ್ಟು ಬೀಳಬೇಕಾದದ್ದು ಹೆಚ್ಚಾಗಿ ಬಿದ್ದು, ಅದನ್ನು ಸರಿಪಡಿಸಲು ಹೋದ ಬೆರಳು. ಗುರುತು ಬಿಲ್ಲೆಯ ಅಂಚು ದಾಟಿ ಬೋರ್ಡಿನ ಮೇಲೂ ಹೋಗಿತ್ತು. ಬೆರಳು ಎಲ್ಲಿ ನಿಂತಿತೆಂದು ಬೆರಳಿಗೇ ಗೊತ್ತಾಗಿರಲಿಲ್ಲ.

"ಇದು ಫಿಟ್ಟರ್ ಕೆಲಸ ಅಲ್ಲಕ್ಕ" ಅಂದ ಗಡಿಬಿಡಿ ಮೆಲ್ಲಗೆ. "ಬೇರೆ ಯಾರೋ ಕೂರಿಸಿದಾರೆ."

"ಅವರೇ" ಅಂದಳು. "ನಾನು ಇಲ್ಲೇ ಕೂತಿದ್ದೆ."

ಕೂತಿದ್ದಳು, ಬೆನ್ನು ಹಾಕಿಕೊಂಡು. ಆ ದಿನ ಅವನು ಬಹಳ ಹೊತ್ತು ತೆಗೆದುಕೊಂಡಿದ್ದ. ಸ್ಕ್ರೂಡ್ರೈವರ್ ಕೆಳಗೆ ಬಿದ್ದ ಸದ್ದು ಎರಡು ಮೂರು ಸಲ ಕೇಳಿತ್ತು. "ಏನ್ರೀ, ಇನ್ನೂ ಆಗ್ಲಿಲ್ವಾ?" ಎಂದು ಅವಳು ಪರದೆಯಿಂದ ಕಣ್ಣು ಕೀಳದೆ ಕೇಳಿದ್ದಳು. "ಆಯ್ತು ಆಯ್ತು, ನೀನು ಓಡಿಸು" ಅಂದಿದ್ದ. ಅವಳು ಓಡಿಸಿದಳು. ಮೊದಲ ಓಟವನ್ನು ಬಿಟ್ಟಳು, ಮೂರು ಓಟ ಹೊಂದಿತು. ಬಂದ ವೇಗಕ್ಕೆ ನೂರು ಎಂದು ಹೆಸರಿಟ್ಟಳು. ಆಮೇಲೆ ಪ್ರತಿ ತಿಂಗಳೂ ಆ ಸೋತ ಕೈ ಅವಳ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಲೇ ಇತ್ತು. ಅದರ ಮುಂದೆ ಇಟ್ಟು ಉಳಿದದ್ದನ್ನೆಲ್ಲ ಅಳೆದಳು. ಅದನ್ನೇ ಅಳೆಯಬೇಕು ಎಂದು ಅವಳಿಗಾಗಲಿ ಯಾರಿಗಾಗಲಿ ಹೊಳೆಯಲಿಲ್ಲ. ಡಾಕ್ಟರ್ ಕೇಳಿದಾಗ ಒಂದು ತಿಂಗಳು ಅಂದಳು.

ಅವಳು ತನ್ನ ತೋರುಬೆರಳನ್ನು ಆ ಗುರುತಿನ ಮೇಲೆ ಇಟ್ಟಳು. ಏನಾದರೂ ಆಗಬಹುದೆಂದು ಕಾದಳು. ಬೆರಳಿಗೆ ಬೂದು ಅಂಟಿತು, ಅಷ್ಟೇ. ಗಡಿಬಿಡಿ ದೀಪದ ಕೈ ಬದಲಾಯಿಸಿದ.

ಹೊಸ ಪೇಸ್ಟ್ ಹಾಕಿ ಕೂಲರ್ ಕೂರಿಸಿದ್ದು ಗಡಿಬಿಡಿ. ಈ ಸಲ ಒಂದೇ ಸಲಕ್ಕೆ ಕೂರಿಸಿದ, ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ. ಅವಳು ಓಡಿಸಿದಳು. ದೊಡ್ಡಪ್ಪನ ಜ್ವರ ಇಳಿಯಿತು, ವೇಗ ಏರಿತು. ಅದಕ್ಕೆ ಹೊಸದಾಗಿ ನೂರು ಎಂದು ಬೆಲೆ ಕಟ್ಟಿದರೆ ಕೆಳಗಿನಮನೆಯ ಹೊಸ ಬಿಲ್ಲೆಗೆ ತೊಂಬತ್ತೆಂಟು ಬಂತು. ಮೇಲಿನಮನೆಯವರು ಹೇಳಿದ್ದು ನಿಜ. ಅವರ ಬಿಲ್ಲೆಯೇ ಮುಂದಿತ್ತು, ಎರಡು ವರ್ಷದಿಂದಲೂ.

ಸಂಪಾದಕರು ಮುಖಪುಟ ಹೋದ ಸಂಕಟದಲ್ಲೂ ಸಮಾಧಾನದ ನಿಟ್ಟುಸಿರು ಬಿಟ್ಟರು. "ಸದ್ಯ, ಅಚ್ಚಿಗೆ ಹೋಗೋ ಮುಂಚೆ ಗೊತ್ತಾಯ್ತು. ಪೇಸ್ಟ್ ಒಣಗಿತ್ತು ಅಂತ ಒಂದು ಸಾಲು ಹಾಕಿದ್ರೆ ಮುಗೀತು. ಯಾರ ತಪ್ಪೂ ಅಲ್ಲ."

ಗಡಿಬಿಡಿ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. ನೋಡಿದ್ದನ್ನು ಹೇಳುವುದಿಲ್ಲ ಎಂಬುದು ಅವನ ಮುಖದಲ್ಲೇ ಇತ್ತು. ಅವಳು ಸುಮ್ಮನಿದ್ದಿದ್ದರೆ ಫಿಟ್ಟರ್ ಕೈ ಫಿಟ್ಟರ್ ಕೈಯಾಗಿಯೇ ಉಳಿಯುತ್ತಿತ್ತು. ಮೂರು ದಿನ ಅವಳು ಬಯಸಿದ್ದೂ ಅದನ್ನೇ.

"ಒಣಗಿರಲಿಲ್ಲ ಸರ್" ಅಂದಳು. "ಮೊದಲ ದಿನವೇ ಒಂದು ಸ್ಕ್ರೂ ಕೂತಿರಲಿಲ್ಲ. ಎರಡು ವರ್ಷ ನಾವು ಹಾಕಿದ ಹೋಲಿಕೆ ಎಲ್ಲ ತಪ್ಪು. ಹಾಗೇ ಹಾಕಿ."

"ಅಲ್ಲಮ್ಮ, ಕೂರಿಸಿದೋರು ಯಾರು ಅಂತ ಎಲ್ರಿಗೂ ಗೊತ್ತು. ಹೋದವರ ಕೈ ಬಗ್ಗೆ ಯಾಕೆ ಈ ಮಾತು?"

"ಅವರ ಕೈ ಆಗ್ಲೇ ಹೋಗಿತ್ತು, ಆಗ ಯಾರಿಗೂ ಗೊತ್ತಾಗ್ಲಿಲ್ಲ. ಒಣಗಿತ್ತು ಅಂತ ಬರೆದ್ರೆ ಅದು ಇನ್ನೊಂದು ಸಲ ಯಾರಿಗೂ ಗೊತ್ತಾಗಲ್ಲ."

ಸಂಪಾದಕರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. ಆಮೇಲೆ ಅವಳು ಹೇಳಿದ ಹಾಗೆಯೇ ಬರೆದುಕೊಂಡರು. ಆ ಸಂಚಿಕೆಯ ಬಗ್ಗೆ ಎರಡೂ ಪಕ್ಷದ ಓದುಗರು ಬೈದು ಬರೆದರು. ಅದು ಆಮೇಲಿನ ಮಾತು.

ಮನೆಗೆ ಬಂದು ಅವಳು ಕೈ ತೊಳೆಯಲು ನಿಂತಳು. ಆ ಪೇಸ್ಟ್ ಸೋಪಿಗೆ ಬಗ್ಗುವಂಥದ್ದಲ್ಲ. ಅತ್ತೆ ಅಡುಗೆಮನೆಯಿಂದ ಬಂದು ನೋಡಿದರು.

"ಏನದು ಬೆರಳಿಗೆ?"

"ಅವರು ಹಾಕಿದ್ದು. ನಾನೇ ಬಿಚ್ಚಿದೆ." ನಲ್ಲಿ ನಿಲ್ಲಿಸಿದಳು. "ಅತ್ತೆ, ಅವರ ಕೈ ಒಂದು ತಿಂಗಳ ಮುಂಚೆ ಹೋಗಿದ್ದಲ್ಲ. ಲೋಟ ಬೀಳೋಕ್ಕಿಂತ ಎಂಟು ತಿಂಗಳ ಮುಂಚೆನೇ ಒಂದು ಸ್ಕ್ರೂ ತಿರುಗಿಸೋಕೆ ಆಗ್ತಿರಲಿಲ್ಲ."

ಅತ್ತೆ ಎಣ್ಣೆ ಬಾಟಲಿ ಮತ್ತು ಒಂದು ಹಳೆ ಬಟ್ಟೆ ತಂದು ಸ್ಟೂಲಿನ ಮೇಲೆ ಕೂತರು. ಅವಳ ಕೈ ಎಳೆದು ಮಡಿಲಲ್ಲಿಟ್ಟುಕೊಂಡು ಬೆರಳಿಗೆ ಎಣ್ಣೆ ಹಚ್ಚಿದರು.

"ಎಂಟಲ್ಲ. ಅದಕ್ಕೂ ಮುಂಚಿಂದ" ಅಂದರು. "ಅಂಗಿ ಗುಂಡಿ ಹಾಕ್ಕೊಳೋಕೆ ಬರ್ತಿರಲಿಲ್ಲ ಅವನಿಗೆ. ದಿನಾ ಬೆಳಿಗ್ಗೆ ನನ್ನ ಕೋಣೆಗೆ ಬರ್ತಿದ್ದ, ನಾನು ಹಾಕ್ತಿದ್ದೆ. ಚಿಕ್ಕೋನಿದ್ದಾಗ ಹಾಕಿದ ಹಾಗೆ."

ಅತ್ತೆ ಬೆರಳನ್ನು ತಿರುಗಿಸಿ ಇನ್ನೊಂದು ಬದಿಗೂ ಎಣ್ಣೆ ಹಚ್ಚಿದರು.

"ಅವಳಿಗೆ ಹೇಳ್ಬೇಡ ಅಂದಿದ್ದ. ನಾನು ಹೇಳ್ಲಿಲ್ಲ. ಆದ್ರೆ ನಿಂಗೆ ಗೊತ್ತಿದೆ, ಅವನ ಮರ್ಯಾದೆಗೆ ಸುಮ್ಮನಿದೀಯ ಅಂದ್ಕೊಂಡಿದ್ದೆ. ನೀನು ಎಲ್ಲಾ ಮೂರು ಮೂರು ಸಲ ನೋಡೋಳು. ನಿಂಗೆ ಕಾಣದೆ ಇರುತ್ತಾ ಅಂತ."

ಅತ್ತೆ ಬಟ್ಟೆ ಹಿಡಿದು ಉಜ್ಜತೊಡಗಿದರು. ಎಪ್ಪತ್ತು ದಾಟಿದ ಕೈ, ಒಗೆದು ತೊಳೆದು ಗಟ್ಟಿಯಾದದ್ದು. ಬೂದು ಬಣ್ಣ ಉಗುರಿನ ಸಂದಿಗೆ ಹೋಗಿತ್ತು, ಅಲ್ಲಿ ಇನ್ನೂ ಒತ್ತಿ ಉಜ್ಜಿದರು. ಚರ್ಮ ಕೆಂಪಾಯಿತು.

"ನೋಯ್ತಾ?"

ಪರವಾಗಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಆ ಮಾತು ಬರಲಿಲ್ಲ.

"ನೋಯ್ತಿದೆ" ಅಂದಳು. ಮತ್ತೆ ಅಂದಳು, "ನೋಯ್ತಿದೆ ಅತ್ತೆ." ಮೂರನೇ ಸಲ ಹೇಳುವಾಗ ಅವಳ ಧ್ವನಿ ಕೆಟ್ಟಿತು.

ಅತ್ತೆ ತಲೆ ಎತ್ತಲಿಲ್ಲ. ಕೈ ಬಿಡದೆ ಉಜ್ಜುತ್ತಲೇ ಇದ್ದರು.